ನಿಶ್ಚಯವಾದ ಹುಡುಗಿಗೆ ಮನೆಯ ಸುದ್ದಿ ಹೇಳಿಬಿಡಿ

ನಿಶ್ಚಯ ಆದ ಮೇಲೆ ನಿಕಾಹ್‌ವರೆಗೆ ನಾಲ್ಕಾರು ತಿಂಗಳು ಬೇಕಾಗುತ್ತದೆ. ಹುಡುಗ ಗಲ್ಫ್‌ನಲ್ಲಿದ್ದರೆ ರಜೆ ಸಿಗುವವರೆಗೆ ವರ್ಷವೂ ಆದೀತು. ಅಷ್ಟರಲ್ಲಿ ಹುಡುಗನ ತಂದೆಗೆ ಹೃದಯದ ಆಪರೇಷನ್ ಆಗಬಹುದು, ಗದ್ದೆಯ ಶುಂಠಿ ಕೊಳೆತು ಸಾಲ ಏರಬಹುದು, ವೀಸಾ ರದ್ದಾಗಬಹುದು. ಆಗ ಮನೆಯ ಹಿರಿಯರು ಹೇಳುವುದು ಒಂದೇ ಮಾತು: "ಈಗಲೇ ಹುಡುಗಿ ಮನೆಗೆ ಹೇಳೋದು ಬೇಡ, ಮದುವೆ ಒಂದು ಕಳೀಲಿ."

ಈ ಮಾತು ಸರಿಯಲ್ಲ. ಅದರಲ್ಲೂ ನಮ್ಮ ಶಿಕಾರಿಪುರ, ಸೊರಬ ಕಡೆಯವರಿಗೆ ಸರಿಯೇ ಅಲ್ಲ. ಇಲ್ಲಿ ಬ್ಯಾರಿ ಮನೆಗಳು ಕಡಿಮೆ, ಕರಾವಳಿಯಿಂದ ಹೆಣ್ಣು ತರುವವರಿದ್ದಾರೆ. ಉಳ್ಳಾಲದಲ್ಲೋ ಬಂಟ್ವಾಳದಲ್ಲೋ ಸಂಬಂಧ ಆದರೆ ಪಕ್ಕದ ಮನೆಯಲ್ಲಿ, ಮಸೀದಿಯ ಖತೀಬರಲ್ಲಿ ವಿಚಾರಿಸಬಹುದು. ಘಟ್ಟ ಹತ್ತಿ, ಶಿವಮೊಗ್ಗ ದಾಟಿ, ಮತ್ತೆ ಐವತ್ತು ಕಿಲೋಮೀಟರ್ ಬಂದು ವಿಚಾರಿಸುವವರು ಯಾರು? ನಾವು ಹೇಳಿದ್ದೇ ಆ ಹುಡುಗಿಗೆ ಗೊತ್ತಿರುವುದು. ನಾವು ಹೇಳದಿದ್ದರೆ ವಾಟ್ಸ್‌ಆ್ಯಪ್ ಹೇಳುತ್ತದೆ. ಅಲ್ಲಿಗೆ ತಲುಪುವಾಗ ಸಣ್ಣ ಆಪರೇಷನ್ ದೊಡ್ಡ ರೋಗ ಆಗಿರುತ್ತದೆ.

"ಮನೆಯ ವಿಷಯ ಹೊರಗೆ ಹೇಳಿದರೆ ಗೀಬತ್ ಆಗಲ್ವಾ ಉಸ್ತಾದ್?" ಎಂದು ಕೆಲವರು ಕೇಳುತ್ತಾರೆ. ಫಾತಿಮಾ ಬಿಂತ್ ಕೈಸ್(ರ) ಅವರ ಹದೀಸ್ ನೆನಪಿಸಿಕೊಳ್ಳಿ. ಸಹೀಹ್ ಮುಸ್ಲಿಂನಲ್ಲಿದೆ. ಮುಆವಿಯಾ ಮತ್ತು ಅಬೂ ಜಹ್ಮ್ ಇಬ್ಬರಿಂದಲೂ ಅವರಿಗೆ ಮದುವೆ ಪ್ರಸ್ತಾಪ ಬಂದಿತ್ತು. ಪ್ರವಾದಿ(ಸ) ಮುಚ್ಚಿಡಲಿಲ್ಲ. ಒಬ್ಬರ ಕೈಯಲ್ಲಿ ಹಣವಿಲ್ಲ, ಇನ್ನೊಬ್ಬರು ಹೆಗಲಿನಿಂದ ಕೋಲು ಇಳಿಸುವವರಲ್ಲ ಎಂದು ಆಕೆಗೇ ಹೇಳಿ, ಉಸಾಮಾ ಬಿನ್ ಝೈದ್(ರ) ಅವರನ್ನು ಸೂಚಿಸಿದರು. ಮದುವೆಯ ಸಲಹೆಗಾಗಿ ಇರುವ ವಿಷಯ ತಿಳಿಸುವುದು ನಿಷಿದ್ಧ ಗೀಬತ್ ಅಲ್ಲ ಎಂದು ಇಮಾಂ ನವವಿ(ರ) ಬರೆದಿದ್ದಾರೆ. ಸಂತೆಯಲ್ಲಿ ಒದ್ದೆ ಧಾನ್ಯವನ್ನು ರಾಶಿಯೊಳಗೆ ಅಡಗಿಸಿದ ವ್ಯಾಪಾರಿಯನ್ನೇ ಪ್ರವಾದಿ(ಸ) ಎಚ್ಚರಿಸಿದ್ದರು. ಧಾನ್ಯದ ವಿಷಯದಲ್ಲೇ ಹಾಗಾದರೆ, ಒಬ್ಬಳ ಇಡೀ ಬದುಕಿನ ವಿಷಯದಲ್ಲಿ?

ಹಾಗಂತ ಎಲ್ಲವನ್ನೂ ಹೇಳಬೇಕಿಲ್ಲ. ಬರುವವಳ ಬದುಕನ್ನು ಮುಟ್ಟುವುದನ್ನು ಹೇಳಲೇಬೇಕು: ಹುಡುಗನ ಆರೋಗ್ಯ, ಕೆಲಸ, ಸಾಲ, ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಅದು, ಮದುವೆಯಾದ ಮೇಲೆ ಆಕೆ ಎಲ್ಲಿ ಇರಬೇಕು ಎಂಬುದು. ನಾದಿನಿಯ ಸಂಸಾರದ ಜಗಳ, ಮೈದುನ ತೌಬಾ ಮಾಡಿ ಬಿಟ್ಟ ಹಳೆಯ ತಪ್ಪು, ಇವು ಅವರವರ ಅಮಾನತ್ತು. ಬಾಯಿ ಬಿಡಬಾರದು.

ಹೇಳುವವರು ಯಾರು? ಬ್ರೋಕರ್ ಅಲ್ಲ. ಹುಡುಗನ ತಂದೆ ಹುಡುಗಿಯ ವಲಿಗೆ ಹೇಳಲಿ, ಹುಡುಗನ ಉಮ್ಮ ಹುಡುಗಿಗೇ ಫೋನ್ ಮಾಡಲಿ. ನಿಕಾಹ್ ಆಗುವವರೆಗೆ ಹುಡುಗ-ಹುಡುಗಿ ಅನ್ಯರು, ಅವರ ಮಾತಿಗೆ ಮಿತಿ ಇದೆ. ಉಮ್ಮ ಮಾತಾಡಲು ಯಾವ ಅಡ್ಡಿಯೂ ಇಲ್ಲ. "ಮಗಳೇ, ಹೀಗಾಗಿದೆ, ನೀನು ಯೋಚಿಸಿ ಹೇಳು" ಅಂದರೆ ಸಾಕು. ವಲಿಗೆ ಮಾತ್ರ ಹೇಳಿ ಕೈತೊಳೆದುಕೊಳ್ಳಬಾರದು. ಹಾಲ್ ಬುಕ್ ಆಗಿದೆ, ನಾಲ್ಕು ಜನ ಏನಂತಾರೆ ಎಂದು ಅವರೂ ಮಗಳಿಂದ ಮುಚ್ಚಿಡುವುದುಂಟು. ಒಳ್ಳೆಯ ಸುದ್ದಿಯನ್ನೂ ಹೀಗೆಯೇ ಹಂಚಿಕೊಳ್ಳಿ. ಮನೆಯಲ್ಲಿ ಮಗು ಹುಟ್ಟಿದರೆ ಆಕೆಗೂ ಒಂದು ಫೋನ್ ಹೋಗಲಿ.

"ಸಂಬಂಧ ಮುರಿದುಬಿದ್ದರೆ?" ಬಿದ್ದರೆ ಈಗಲೇ ಬೀಳಲಿ. ನಿಕಾಹ್‌ಗೆ ಮೊದಲು ಎರಡು ಮನೆ ಬೇಸರ ಮಾಡಿಕೊಳ್ಳಬಹುದು, ಅಷ್ಟೆ. ಆಮೇಲೆ ಗೊತ್ತಾದರೆ ತಲಾಖ್, ಫಸ್ಖ್, ಜಮಾಅತ್ ಪಂಚಾಯ್ತಿಕೆ. ಗಂಡನ ಕೆಲವು ಗಂಭೀರ ಕಾಯಿಲೆಗಳ ಕಾರಣಕ್ಕೆ ಹೆಂಡತಿ ವಿಚ್ಛೇದನ ಕೇಳಬಹುದೆಂದು 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯಲ್ಲೇ ಇದೆ. ಅಷ್ಟು ದೂರ ಹೋಗದೆ ಆಕೆ ಸಹಿಸಿಕೊಂಡು ಇದ್ದರೂ, "ನನಗೆ ಮೊದಲೇ ಯಾಕೆ ಹೇಳಲಿಲ್ಲ?" ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿದೇ ಉಳಿಯುತ್ತದೆ.

ಜಮಾಅತ್ ಕಮಿಟಿಯವರಲ್ಲೂ ಒಂದು ವಿನಂತಿ. ನಿಕಾಹ್‌ಗೆ ಕಾಗದ ಕೊಡುವಾಗ ಆಧಾರ್, ವಯಸ್ಸಿನ ದಾಖಲೆ ಕೇಳುತ್ತೀರಿ. "ನಿಶ್ಚಯದ ನಂತರ ಮನೆಯಲ್ಲಿ ಆದ ಬದಲಾವಣೆ ಹುಡುಗಿಗೆ ಗೊತ್ತೇ?" ಎಂಬ ಪ್ರಶ್ನೆಯನ್ನೂ ಎರಡೂ ಕಡೆಯವರಿಗೆ ಕೇಳಿ. ಸೊಸೆಯಾಗಿ ಬರುವವಳು ವಿಷಯ ತಿಳಿದೇ ಒಪ್ಪಿ ಬರಲಿ.