ಪರದೇಶದಲ್ಲಿ ಕಳೆದ ಹಣ

ಹಿಂದೆ ನಮ್ಮ ಗೃಹಸ್ಥರ ದೂರಪ್ರಯಾಣವೆಂದರೆ ಕಾಶಿ ರಾಮೇಶ್ವರಗಳೇ ಆಗಿದ್ದುವು. ಈಗಲಾದರೋ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಂಪೆನಿಗಳಲ್ಲಿ ದುಡಿಯುವ ತರುಣರೂ, ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳನ್ನು ನಡೆಸುವ ಯಜಮಾನರೂ ನಾಲ್ಕು ದಿನದ ರಜೆ ದೊರೆತರೆ ಸಕುಟುಂಬವಾಗಿ ಬ್ಯಾಂಕಾಕಿಗೆ ಹೊರಟುಬಿಡುತ್ತಾರೆ. 2023ರ ನವೆಂಬರಿನಲ್ಲಿ ಥೈಲ್ಯಾಂಡಿನ ಸರ್ಕಾರವು ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟ ಮೇಲೆ ಈ ಸಂಚಾರವು ಬಹಳವಾಗಿ ಬೆಳೆಯಿತು. 2024ರಲ್ಲಿ ಅಲ್ಲಿಗೆ ಹೋದ ಭಾರತೀಯರ ಸಂಖ್ಯೆಯು 20 ಲಕ್ಷವನ್ನು ಮೀರಿತು. ದೇಶಾಟನದಿಂದ ಲೋಕಜ್ಞಾನವುಂಟಾಗುವುದು ನಿಜವೇ. ಆದರೆ ಕೆಲವರು ಆ ಜ್ಞಾನಕ್ಕೆ ಮಿತಿಮೀರಿದ ಬೆಲೆಯನ್ನು ತೆರುವರು. ಹಾಗೆ ತೆತ್ತ ಹಣವನ್ನು ಮರಳಿ ಪಡೆಯುವ ಬಗೆಯನ್ನು ಈ ತಿಂಗಳು ವಿಚಾರಮಾಡೋಣ.

ಅಲ್ಲಿಯ ಹಳೆಯ ಮೋಸವೊಂದನ್ನು ದೃಷ್ಟಾಂತವಾಗಿ ತೆಗೆದುಕೊಳ್ಳುವೆವು. ಬ್ಯಾಂಕಾಕಿನ ದೊಡ್ಡ ಅರಮನೆಯ ಬಳಿ ಸಭ್ಯವೇಷದ ಮನುಷ್ಯನೊಬ್ಬನು ಎದುರಾಗಿ, “ಈ ದಿನ ಅರಮನೆಯನ್ನು ಮುಚ್ಚಿದೆ” ಎನ್ನುತ್ತಾನೆ. ಅರಮನೆಯು ತೆರೆದೇ ಇರುತ್ತದೆ. ಅವನು ಕರೆದ ಟುಕ್‌ಟುಕ್ ಗಾಡಿಯವನು ಅತ್ಯಲ್ಪ ಬಾಡಿಗೆಗೆ ಒಂದೆರಡು ದೇವಾಲಯಗಳನ್ನು ತೋರಿಸುತ್ತಾನೆ. ಅಲ್ಲಿ ಸಿಕ್ಕುವ ಮತ್ತೊಬ್ಬ ಸಭ್ಯನು, ಸರ್ಕಾರದ ರಿಯಾಯಿತಿ ಮಾರಾಟಕ್ಕೆ ಇಂದೇ ಕೊನೆಯ ದಿನವೆಂದೂ, ಇಲ್ಲಿ ಕೊಂಡ ನೀಲಮಣಿಯನ್ನು ಸ್ವದೇಶದಲ್ಲಿ ಇಮ್ಮಡಿ ಬೆಲೆಗೆ ಮಾರಬಹುದೆಂದೂ ನಂಬಿಸುತ್ತಾನೆ. ಗಾಡಿಯು ರತ್ನದ ಅಂಗಡಿಯ ಮುಂದೆ ನಿಲ್ಲುತ್ತದೆ. ಊರಿಗೆ ಬಂದು ಒಡವೆಯಂಗಡಿಯಲ್ಲಿ ತೋರಿಸಿದಾಗ ಕಲ್ಲು ಕೆಳದರ್ಜೆಯದೆಂಬುದು ತಿಳಿಯುತ್ತದೆ.

ಹಣವು ಮರಳುವುದೋ ಇಲ್ಲವೋ ಎಂಬುದು ಅದು ಹೋದ ದಾರಿಯನ್ನು ಅವಲಂಬಿಸಿದೆ. ನಗದಾಗಿ ಕೊಟ್ಟಿದ್ದರೆ ಆ ದೇಶವನ್ನು ಬಿಡುವುದಕ್ಕೆ ಮುಂಚೆಯೇ ಪ್ರಯತ್ನಿಸತಕ್ಕದ್ದು. ಅಲ್ಲಿ ಪ್ರವಾಸಿಗಳಿಗಾಗಿಯೇ ಪ್ರತ್ಯೇಕ ಪೊಲೀಸರುಂಟು. ಅವರ ದೂರವಾಣಿ ಸಂಖ್ಯೆ 1155. ರಶೀದಿಯನ್ನು ತೋರಿಸಿ ದೂರು ಕೊಟ್ಟು, ಅದರ ಪ್ರತಿಯನ್ನು ಪಡೆದು, ಕಲ್ಲನ್ನು ಹಿಂದಿರುಗಿಸಿ ಹಣವನ್ನು ಕೇಳಬೇಕು. ವಿಮಾನವೇರಿದ ಮೇಲೆ ನಗದಿನ ಆಸೆ ಬಹುಮಟ್ಟಿಗೆ ಮುಗಿದಂತೆಯೇ. ಬ್ಯಾಂಕಾಕಿನ ಅಂಗಡಿಯವನನ್ನು ವೈಟ್‌ಫೀಲ್ಡಿನ ಪೊಲೀಸರು ಹೋಗಿ ಹಿಡಿಯಲಾರರು.

ಕಾರ್ಡಿನಿಂದ ಕೊಟ್ಟಿದ್ದರೆ ಊರಿಗೆ ಬಂದ ಮೇಲೂ ದಾರಿಯುಂಟು. ಕಾರ್ಡನ್ನು ಕೊಟ್ಟ ಬ್ಯಾಂಕಿಗೆ ‘ಚಾರ್ಜ್‌ಬ್ಯಾಕ್’ ಬೇಕೆಂದು ಬರೆದು ಸಲ್ಲಿಸಬೇಕು. ಬ್ಯಾಂಕು ವೀಸಾ, ಮಾಸ್ಟರ್‌ಕಾರ್ಡ್ ಮುಂತಾದ ಸಂಸ್ಥೆಗಳ ಮೂಲಕ ಅಂಗಡಿಯವನ ಬ್ಯಾಂಕಿನಿಂದ ಉತ್ತರವನ್ನು ಕೇಳುತ್ತದೆ. ಇದಕ್ಕೆ ಸಾಮಾನ್ಯವಾಗಿ 120 ದಿನಗಳ ಗಡುವುಂಟು. ಬೆಲೆ ಹೆಚ್ಚಾಯಿತೆಂಬ ಗೋಳು ಮಾತ್ರ ಇಲ್ಲಿ ಸಾಲದು; ರಶೀದಿಯಲ್ಲಿ ಬರೆದ ವಸ್ತುವೊಂದು, ಕೊಟ್ಟದ್ದು ಮತ್ತೊಂದು ಎಂದು ತೋರಿಸಬೇಕು. ಆದಕಾರಣ ರಶೀದಿ, ರತ್ನಪರೀಕ್ಷೆಯ ಪತ್ರ, ಹಣವನ್ನು ಹಿಂದಕ್ಕೆ ಕೇಳಿ ಅಂಗಡಿಗೆ ಬರೆದ ಕಾಗದ, ಪೊಲೀಸ್ ದೂರಿನ ಪ್ರತಿ ಇವುಗಳನ್ನು ಜೋಪಾನವಾಗಿಡತಕ್ಕದ್ದು.

ನಮಗೆ ತಿಳಿಯದೆಯೇ ಕಾರ್ಡಿನಿಂದ ಹಣ ಹೋದುದಾದರೆ ಮೊದಲು ಕಾರ್ಡನ್ನು ನಿಲ್ಲಿಸಬೇಕು. ತಪ್ಪು ಬ್ಯಾಂಕಿನದೂ ಗ್ರಾಹಕನದೂ ಆಗಿರದ ಪಕ್ಷದಲ್ಲಿ, 3 ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟದ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ರಹಸ್ಯಸಂಖ್ಯೆಯನ್ನು ತಾನೇ ಹೇಳಿಕೊಟ್ಟವನಾದರೋ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟವನ್ನು ತಾನೇ ಹೊರಬೇಕೆಂದೂ ಅದರಲ್ಲಿಯೇ ಹೇಳಿದೆ.

ಇನ್ನು ಕೆಲವರು ಹೊರಡುವುದಕ್ಕೆ ಮೊದಲೇ, ಇಲ್ಲದ ಹೋಟೆಲಿಗೋ ಸುಳ್ಳು ಏಜೆಂಟನಿಗೋ ಈ ದೇಶದ ಖಾತೆಯೊಂದಕ್ಕೆ ಮುಂಗಡವನ್ನು ಕಳುಹಿಸಿರುತ್ತಾರೆ. ಅಂಥವರು ತಡಮಾಡದೆ 1930ಕ್ಕೆ ಫೋನು ಮಾಡತಕ್ಕದ್ದು. ಹಣವು ಆ ಖಾತೆಯಿಂದ ಮುಂದಕ್ಕೆ ಹೋಗಿರದಿದ್ದರೆ ಅದನ್ನು ಅಲ್ಲಿಯೇ ತಡೆಹಿಡಿಸಬಹುದು. ಬ್ಯಾಂಕು 30 ದಿನಗಳಾದರೂ ದೂರಿಗೆ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಮೊರೆಯಿಡಬಹುದು, ಅದಕ್ಕೆ ಶುಲ್ಕವಿಲ್ಲ. “ಕಳೆದ ಹಣವನ್ನು ನಾವು ತರಿಸಿಕೊಡುತ್ತೇವೆ, ಮೊದಲು ಇಷ್ಟು ಕಟ್ಟಿರಿ” ಎಂದು ಬರುವವರನ್ನು ಮಾತ್ರ ಹತ್ತಿರ ಸೇರಿಸಕೂಡದು. ಒಮ್ಮೆ ಮೋಸಹೋದವನನ್ನು ಎರಡನೆಯ ಸಾರಿ ಸುಲಿಯುವ ಗುಂಪು ಇದು.

ಈ ಎಲ್ಲ ಉಪಾಯಗಳಿಗೂ ದಿನಗಳ ಲೆಕ್ಕವಿರುವುದನ್ನು ವಾಚಕರು ಗಮನಿಸಿರಬಹುದು. ಆ ದಿನಗಳನ್ನು ನುಂಗಿಹಾಕುವುದು ಲಜ್ಜೆ. ಓದಿದವನು, ದೊಡ್ಡ ಸಂಬಳದವನು, ಗಾಡಿಯವನ ಮಾತಿಗೆ ಮರುಳಾದೆನೆಂದು ಹೇಳಿಕೊಳ್ಳಲಾರದೆ, ಹೆಂಡತಿಗೂ ಬಾಯಿಬಿಡಬೇಡವೆಂದು ಕಟ್ಟುಮಾಡಿ, ಕಲ್ಲನ್ನು ಬೀರುವಿನಲ್ಲಿ ಬಚ್ಚಿಡುತ್ತಾನೆ. ಮನೆಯ ಸಾಲದ ಕಂತಿಗೆ ಹಣ ಸಾಲದೆ ಸಂಗತಿಯು ಹೊರಬೀಳುವ ಹೊತ್ತಿಗೆ ಗಡುವು ಕಳೆದಿರುತ್ತದೆ. ಊಟದಲ್ಲಿಯೂ ವ್ಯವಹಾರದಲ್ಲಿಯೂ ನಾಚಿಕೆ ಕೂಡದೆಂದು ಹಿರಿಯರು ಹೇಳುವುದು ಇಂಥ ವಿಷಯಗಳನ್ನು ಬಲ್ಲವರಾದ್ದರಿಂದಲೇ.

ಮನೆಯ ಹಿರಿಯರಲ್ಲಿಯೂ ನಮ್ಮದೊಂದು ವಿಜ್ಞಾಪನೆಯುಂಟು. ಮಗನೋ ಸೊಸೆಯೋ ದೂರದೇಶದಿಂದ ಫೋನು ಮಾಡಿ ಮೋಸಹೋದೆವೆಂದು ಹೇಳಿದರೆ, “ನಿಮ್ಮ ಬುದ್ಧಿ ಎಲ್ಲಿ ಹೋಗಿತ್ತು?” ಎನ್ನುವುದಕ್ಕೆ ಮೊದಲು, “ರಶೀದಿ ಇದೆಯೇ? ಬ್ಯಾಂಕಿಗೆ ತಿಳಿಸಿದಿರಾ?” ಎಂದು ಕೇಳಿರಿ. ಬುದ್ಧಿವಾದವನ್ನು ಅವರು ಊರಿಗೆ ಬಂದ ಮೇಲೆ ಹೇಳಬಹುದು; ಅದಕ್ಕೆ ಯಾವ ಬ್ಯಾಂಕೂ ಗಡುವನ್ನಿಟ್ಟಿಲ್ಲ.