ಅಜ್ಜನ ಎದೆಯೊಳಗಿನ ಕಿವಿ

ಮಕ್ಕಳೇ, ಅಜ್ಜನ ಪೇಸ್‌ಮೇಕರಿಗೂ ಕಿವಿ ಉಂಟು! ಹೃದಯ ತಾನೇ ಮಿಡಿದರೆ ಅದು ಸುಮ್ಮನಿರುತ್ತದೆ, ತಡಮಾಡಿದರೆ ಮೆಲ್ಲಗೆ ತಟ್ಟುತ್ತದೆ.

ಕಿವಿ ಮಂದವಾದರೆ ಬೇಡದಾಗಲೂ ತಟ್ಟೀತು. ಅತಿ ಚುರುಕಾದರೆ ಇನ್ನೂ ಫಜೀತಿ. ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಬೆಸೆಯುವ ವೆಲ್ಡಿಂಗ್ ಅಂಗಡಿಗಳಿವೆಯಲ್ಲ, ಅಲ್ಲಿನ ವಿದ್ಯುತ್ ಗದ್ದಲವನ್ನೇ ಎದೆಬಡಿತವೆಂದು ನಂಬಿ ತಟ್ಟುವುದನ್ನೇ ಬಿಟ್ಟೀತು. ಅಜ್ಜನಿಗೆ ತಲೆ ಸುತ್ತಿದರೆ ಕೂಡಲೇ ಅಲ್ಲಿಂದ ದೂರ ಕರೆತನ್ನಿ. ಎಚ್ಚರ ತಪ್ಪಿದರೆ 108ಕ್ಕೆ ಫೋನ್ ಮಾಡಿ. ಮೊಬೈಲ್ 15 ಸೆಂಟಿಮೀಟರ್ ದೂರವಿರಲಿ. ಪೇಸ್‌ಮೇಕರ್ ಇರುವ ಕಡೆಯ ಜೇಬು ಬೇಡವೇ ಬೇಡ.

ಅಜ್ಜಂದಿರೇ, ಕಿವಿ ತಿದ್ದಲು ಸಾಮಾನ್ಯವಾಗಿ ಕೊಯ್ಯಬೇಕಿಲ್ಲ. ಕಲಬುರಗಿಯ ಜಯದೇವದಂಥ ಹೃದ್ರೋಗ ಆಸ್ಪತ್ರೆಯಲ್ಲಿ ಹೊರಗಿನಿಂದಲೇ ಯಂತ್ರದ ಮೂಲಕ ಸರಿಹೊಂದಿಸುತ್ತಾರೆ. ತಂತಿ ಜರುಗಿದ್ದರೆ ಮಾತು ಬೇರೆ. ಹೋಗುವಾಗ ಪೇಸ್‌ಮೇಕರ್ ಕಾರ್ಡ್ ಜೊತೆಗಿರಲಿ. ನಿಮ್ಮದು ಯಾವ ಮಾದರಿ ಎಂಬುದು ಅದರಲ್ಲೇ ಇರುತ್ತದೆ.