ನೂರಾ ಮೂವತ್ತು ರೂಪಾಯಿ ಮತ್ತು ಎರಡು ಪೈಥಾನ್

ಕಳೆದ ಸಂಚಿಕೆಯಲ್ಲಿ ಹಳೆಯ ಫೋಟೊಗಳನ್ನು ಜೋಪಾನ ಮಾಡುವ ಬಗ್ಗೆ ಬರೆದಿದ್ದೆ. ಈ ಸಲ ಹಳೆಯ ಪ್ರೋಗ್ರಾಂಗಳ ಸರದಿ. ಒಂದೇ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮಿಂಗ್ ಭಾಷೆಯ ಎರಡು ಮೂರು ಆವೃತ್ತಿಗಳನ್ನು ಇಟ್ಟುಕೊಳ್ಳುವುದು ಹೇಗೆ ಎನ್ನುವುದು ವಿಷಯ. ಇದು ಸಾಫ್ಟ್‌ವೇರ್‌ನವರಿಗೆ ಮಾತ್ರ ಎಂದು ಪುಟ ದಾಟಬೇಡಿ. ಇದರಲ್ಲಿ ಒಬ್ಬ ಹಿರಿಯರ ಮಾನದ ಪ್ರಶ್ನೆಯಿತ್ತು, ತಪ್ಪು ನನ್ನದಾಗಿತ್ತು.

ಪುಣೆಯಲ್ಲಿ ನಮ್ಮದೊಂದು ಸಣ್ಣ ಕನ್ನಡ ಬಳಗವಿದೆ. ನವೆಂಬರ್ ಬಂತೆಂದರೆ ಹಾಲ್ ಹಿಡಿದು ರಾಜ್ಯೋತ್ಸವ ಮಾಡುತ್ತೇವೆ. ಖರ್ಚನ್ನು ಮನೆಗೊಂದು ಪಾಲಿನಂತೆ ಹಂಚಿಕೊಳ್ಳುತ್ತೇವೆ. ಲೆಕ್ಕ ನೋಡಿಕೊಳ್ಳುವವರು ಬ್ಯಾಂಕಿನಿಂದ ನಿವೃತ್ತರಾದ, ಧಾರವಾಡದ ಕಡೆಯ ಹಿರಿಯರು. ನಮಗೆಲ್ಲ ಅವರು ಕಾಕಾ. ವಹಿಯಲ್ಲಿ ಬರೆದು, ಭಾಗಿಸಿ, ಮತ್ತೆ ಕೂಡಿಸಿ ಅವರು ದಣಿಯುವುದನ್ನು ನೋಡಿ 2013ರಲ್ಲಿ ನಾನೇ ಅವರ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಭಾಷೆಯ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಖರ್ಚಿನ ಬಾಬತ್ತುಗಳನ್ನು ಹಾಕಿದರೆ ಮನೆಗೆ ಎಷ್ಟು ಪಾಲು, ಒಟ್ಟು ಎಷ್ಟು ಬರಬೇಕು ಎಂಬ ಪಟ್ಟಿ ಬರುತ್ತಿತ್ತು.

ಈ ವರ್ಷ ಆ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ಹೊಸ ಸಮಿತಿಯ ಹುಡುಗನೊಬ್ಬ ಪ್ರೋಗ್ರಾಮನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡ. ಮೊದಲು ಓಡಲಿಲ್ಲ. 'ಪ್ರಿಂಟ್' ಇದ್ದ ಕಡೆಯೆಲ್ಲ ಆವರಣ ಚಿಹ್ನೆ ಹಾಕಿದ, ಓಡಿತು. ಸರಿಯಾಗಿದೆಯೇ ನೋಡೋಣವೆಂದು ಹಿಂದಿನ ವರ್ಷದ ಖರ್ಚನ್ನೇ ಹಾಕಿದ. 64 ಮನೆ, ಹಾಲ್ ಬಾಡಿಗೆ 25,000, ಊಟ 46,500, ಮೈಕು ಮತ್ತು ವೇದಿಕೆ 13,750. ಬರಬೇಕಾದ ಮೊತ್ತ 85,250 ಎಂದಿತು. ಕಾಕಾ ಬ್ಯಾಂಕಿಗೆ ಕಟ್ಟಿದ್ದು 85,120. ಅದರ ಹಿಂದಿನ ವರ್ಷದಲ್ಲೂ ಇಂಥದೇ ವ್ಯತ್ಯಾಸ.

ವಾಟ್ಸಾಪ್ ಗುಂಪಿನಲ್ಲಿ ಯಾರೋ 'ಪ್ರತಿ ವರ್ಷ ಚಿಲ್ಲರೆ ಕಡಿಮೆ ಬೀಳುತ್ತಿದೆ, ವಿವರಣೆ ಬೇಕು' ಎಂದು ಹಾಕಿದರು. ಬೈಗುಳವೇನಲ್ಲ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೇರೆಯವರ ದುಡ್ಡು ಎಣಿಸಿದವರಿಗೆ ಆ 'ಚಿಲ್ಲರೆ' ಎಂಬ ಮಾತು ಹೇಗೆ ತಾಗಿರಬೇಕು! ಕಾಕಾ ಉತ್ತರ ಕೊಡಲಿಲ್ಲ, ಗುಂಪಿನಿಂದ ಹೊರಗೆ ಹೋದರು. ಸಂಜೆ ನನಗೆ ಫೋನ್ ಬಂತು. "ಮಷೀನ್ ಸುಳ್ಳು ಹೇಳಂಗಿಲ್ಲ ಅಂತ ನೀನೇ ಹೇಳಿದ್ದಿ ಅಲ್ಲಪಾ? ಈಗ ಏನ್ ಹೇಳ್ತದ ನೋಡು."

ನೋಡಿದ ಐದು ನಿಮಿಷಕ್ಕೆ ಗೊತ್ತಾಯಿತು.

ನಾನು ಬರೆದದ್ದು ಪೈಥಾನ್ 2.7ರಲ್ಲಿ. ಹುಡುಗನ ಬಳಿ ಇದ್ದದ್ದು ಪೈಥಾನ್ 3. ಹೆಸರು ಒಂದೇ, ಭಾಷೆ ಪೂರ್ತಿ ಒಂದೇ ಅಲ್ಲ. ಪೈಥಾನ್ 2ರಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ, ಉಳಿದ ಭಾಗ ಸದ್ದಿಲ್ಲದೆ ಮಾಯ. 25,000ವನ್ನು 64ರಿಂದ ಭಾಗಿಸಿದರೆ ಅದು 390 ಅನ್ನುತ್ತದೆ, ಪೈಥಾನ್ 3 ಮಾತ್ರ 390.625 ಅನ್ನುತ್ತದೆ. ಊಟದ ಪಾಲು 726.56ರ ಬದಲು 726, ಮೈಕಿನದು 214.84ರ ಬದಲು 214. ಮೂರೂ ಸೇರಿ ಮನೆಗೆ 1,330. ಅರವತ್ನಾಲ್ಕು ಮನೆಗೆ 85,120. ಕಾಕಾ ಪ್ರೋಗ್ರಾಂ ಹೇಳಿದಷ್ಟನ್ನೇ ವಸೂಲಿ ಮಾಡಿದ್ದರು. 130 ರೂಪಾಯಿ ನುಂಗಿದ್ದು ನನ್ನ ಭಾಗಾಕಾರದ ಗುರುತು.

ಇಲ್ಲಿ ಗಮನಿಸಬೇಕಾದ್ದೊಂದಿದೆ. 'ಪ್ರಿಂಟ್' ಬದಲಾಗಿದ್ದು ಎಲ್ಲರಿಗೂ ಗೊತ್ತಾಗುತ್ತದೆ, ಯಾಕೆಂದರೆ ಪ್ರೋಗ್ರಾಂ ಅಲ್ಲೇ ಕೂಗಿಕೊಂಡು ನಿಲ್ಲುತ್ತದೆ. ಭಾಗಾಕಾರ ಬದಲಾಗಿದ್ದು ಗೊತ್ತಾಗುವುದಿಲ್ಲ. ಅದು ಓಡುತ್ತದೆ, ಬೇರೆ ಉತ್ತರ ಕೊಡುತ್ತದೆ, ಅಷ್ಟೇ. ಆವೃತ್ತಿ ಬದಲಿಸುವಾಗ ಹೆದರಬೇಕಾದ್ದು ಕೂಗುವ ತಪ್ಪಿಗಲ್ಲ, ಸುಮ್ಮನಿರುವ ತಪ್ಪಿಗೆ.

ಹಾಗಾದರೆ ಭಾಷೆಯನ್ನು ಬದಲಿಸಿದ್ದೇಕೆ? ಕನ್ನಡಿಗರಿಗೆ ಅರ್ಥವಾಗುವ ಒಂದು ಕಾರಣ ಹೇಳುತ್ತೇನೆ. 'ಕನ್ನಡ' ಎಂಬ ಪದದ ಉದ್ದವೆಷ್ಟು ಎಂದು ಪೈಥಾನ್ 2ನ್ನು ಮಾಮೂಲಿಯಾಗಿ ಕೇಳಿದರೆ 15 ಎನ್ನುತ್ತದೆ. ಅದು ಎಣಿಸುವುದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನು. ಯುಟಿಎಫ್-8ರಲ್ಲಿ ನಮ್ಮ ಲಿಪಿಯ ಒಂದೊಂದು ಗುರುತಿಗೂ ಮೂರು ಬೈಟ್ ಬೇಕು. ಪೈಥಾನ್ 3 ಅದೇ ಪದಕ್ಕೆ 5 ಎನ್ನುತ್ತದೆ: ಕ, ನ, ಅರ್ಧಾಕ್ಷರದ ಗುರುತು, ನ, ಡ. ಒಂದನೇ ಕ್ಲಾಸಿನ ಮಗು ಮೂರು ಎನ್ನುತ್ತದೆ, ಸರಿಯಾದ ಉತ್ತರ ಅದೇ. ಆದರೂ ಹದಿನೈದರಿಂದ ಐದಕ್ಕೆ ಬಂದದ್ದು ಸಣ್ಣ ಮಾತಲ್ಲ. ಇಂಥ ಸುಧಾರಣೆಗಳಿಗಾಗಿಯೇ 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಹಳೆಯದರ ಜೊತೆ ಹೊಂದಿಕೊಳ್ಳುವ ಹಂಗನ್ನು ಬಿಟ್ಟಿತು. ಜನ ಬೇಗ ಬದಲಾಗಲಿಲ್ಲ. 2015ಕ್ಕೆ ಮುಗಿಯಬೇಕಿದ್ದ ಪೈಥಾನ್ 2ರ ಆಯುಷ್ಯವನ್ನು 2020ರ ಜನವರಿ 1ರವರೆಗೆ ಎಳೆಯಬೇಕಾಯಿತು.

ಈಗ ನನಗೆ ಬೇಕಿದ್ದದ್ದು ಸಾಕ್ಷಿ. ಬಾಯಲ್ಲಿ ಹೇಳಿದರೆ 'ಕಾಕಾನ ಪರ ವಹಿಸಿದ' ಎನ್ನುತ್ತಾರೆ. ಹಳೆಯ ಪ್ರೋಗ್ರಾಮನ್ನು ಒಂದಕ್ಷರ ಮುಟ್ಟದೆ ಎಲ್ಲರೆದುರು ಓಡಿಸಬೇಕು, ಪಕ್ಕದಲ್ಲೇ ಹೊಸದನ್ನೂ ಓಡಿಸಬೇಕು. ಆದರೆ ನನ್ನ ಲ್ಯಾಪ್‌ಟಾಪಿನಲ್ಲಿರುವುದು ಉಬುಂಟು 24.04, ಅದರ ಭಂಡಾರದಲ್ಲಿ ಪೈಥಾನ್ 2 ಇಲ್ಲವೇ ಇಲ್ಲ.

ಇಂಥ ಹೊತ್ತಿನಲ್ಲಿ ತಲೆಗೆ ಬರುವ ಅಡ್ಡದಾರಿಯೆಂದರೆ ಸಿಸ್ಟಮ್ಮಿನ ಪೈಥಾನನ್ನೇ ಬದಲಿಸುವುದು. 2020ರಲ್ಲಿ ನಾನು ಅದನ್ನು ಮಾಡಿದ್ದೆ. ಉಬುಂಟು 18.04ರಲ್ಲಿದ್ದ 3.6ರ ಜಾಗಕ್ಕೆ 3.8 ಬರುವಂತೆ 'ಪೈಥಾನ್ 3' ಹೆಸರಿನ ಕೊಂಡಿಯನ್ನು ತಿರುಗಿಸಿದೆ. ಮಾರನೆಯ ದಿನ ಟರ್ಮಿನಲ್ ತೆರೆಯಲಿಲ್ಲ. ಸಾಫ್ಟ್‌ವೇರ್ ಹಾಕುವ 'ಆಪ್ಟ್' ಕೂಡ ಮುನಿಸಿಕೊಂಡಿತು. ಯಾಕೆಂದರೆ ಉಬುಂಟು ತನ್ನ ಹಲವು ಕೆಲಸಗಳಿಗೆ ಪೈಥಾನನ್ನೇ ನಂಬಿದೆ, ಅದೂ ತಾನು ತಂದ ಆವೃತ್ತಿಯನ್ನೇ. ಸಿಸ್ಟಮ್ಮಿನ ಪೈಥಾನ್ ನಮ್ಮದಲ್ಲ, ಮನೆ ಯಜಮಾನರದು. ನಮಗೆ ಬೇರೆ ಬೇಕಿದ್ದರೆ ಬೇರೆ ಇಟ್ಟುಕೊಳ್ಳಬೇಕು.

ಬೇರೆ ಇಟ್ಟುಕೊಳ್ಳಲು ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ 'ಪೈಎನ್ವ್' ಎಂಬ ಉಚಿತ ಸಾಧನವಿದೆ. 'ಪೈಎನ್ವ್ ಇನ್‌ಸ್ಟಾಲ್ 2.7.18' ಎಂದರೆ ಆ ಸರಣಿಯ ಕೊನೆಯ ಆವೃತ್ತಿಯ ಮೂಲವನ್ನು ತರಿಸಿ, ನಿಮ್ಮ ಹೋಮ್ ಫೋಲ್ಡರಿನ ಒಳಗೇ ಕಟ್ಟಿ ಇಡುತ್ತದೆ. ಸಿಸ್ಟಮ್ಮನ್ನು ಮುಟ್ಟುವುದಿಲ್ಲ. ಹಾಗೆಯೇ 3.12, 3.13 ಎಷ್ಟು ಬೇಕಾದರೂ ಇಡಬಹುದು.

ಇದರ ಕೀಲು ಸರಳ. ನೀವು 'ಪೈಥಾನ್' ಎಂದು ಕರೆದಾಗ ಕಂಪ್ಯೂಟರು 'ಪಾತ್' ಎಂಬ ಪಟ್ಟಿಯಲ್ಲಿರುವ ಫೋಲ್ಡರುಗಳನ್ನು ಒಂದೊಂದಾಗಿ ಹುಡುಕುತ್ತ, ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ. ಪೈಎನ್ವ್ ಆ ಪಟ್ಟಿಯ ಆರಂಭದಲ್ಲೇ ತನ್ನ ಫೋಲ್ಡರ್ ಸೇರಿಸಿ, ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸುತ್ತದೆ. ನೀವು ಯಾವ ಫೋಲ್ಡರಿನಿಂದ ಕರೆದಿರೋ ಅಲ್ಲಿ ಆವೃತ್ತಿ ಬರೆದಿಟ್ಟ ಪುಟ್ಟ ಕಡತ ಇದೆಯೇ ಎಂದು ಅವನು ನೋಡುತ್ತಾನೆ. ಇಲ್ಲದಿದ್ದರೆ ಮೇಲಿನ ಫೋಲ್ಡರಿನಲ್ಲಿ. ಎಲ್ಲೂ ಇಲ್ಲದಿದ್ದರೆ ನೀವು ಸಾಮಾನ್ಯಕ್ಕೆಂದು ಗೊತ್ತುಮಾಡಿದ ಆವೃತ್ತಿ. ಆ ಕಡತ ಬರೆಯಲು ಫೋಲ್ಡರಿನೊಳಗೆ ಹೋಗಿ 'ಪೈಎನ್ವ್ ಲೋಕಲ್ 2.7.18' ಎಂದರೆ ಮುಗಿಯಿತು.

ವಿಂಡೋಸ್‌ನವರಿಗೆ ಪೈಥಾನ್ ಜೊತೆ ಬರುವ 'ಪೈ' ಲಾಂಚರ್ ಸಾಕು. ಆ ಹೆಸರಿನ ಮುಂದೆ ಅಡ್ಡಗೆರೆ ಹಾಕಿ 3.12 ಎಂದು ಬರೆದರೆ, ಹಾಕಿಕೊಂಡಿರುವ ಆವೃತ್ತಿಗಳಲ್ಲಿ ಅದೇ ಓಡುತ್ತದೆ. ಇನ್ನು ಒಂದೇ ಆವೃತ್ತಿಯಲ್ಲಿ ಎರಡು ಕೆಲಸಗಳಿಗೆ ಬೇರೆ ಬೇರೆ ಲೈಬ್ರರಿ ಬೇಕಿದ್ದರೆ 'ವಿಎನ್ವ್' ಬಳಸಿ, 3.3ರಿಂದ ಅದು ಪೈಥಾನಿನೊಳಗೇ ಇದೆ. ಆವೃತ್ತಿ ಬೇರೆಯಾದರೆ ಬೇರೆ ಒಲೆ, ಲೈಬ್ರರಿ ಬೇರೆಯಾದರೆ ಬೇರೆ ಪಾತ್ರೆ. ಇಷ್ಟು ನೆನಪಿದ್ದರೆ ಗೊಂದಲವಿಲ್ಲ.

ಭಾನುವಾರ ಒಬ್ಬರ ಮನೆಯಲ್ಲಿ ಸಭೆ. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಎರಡು ಕಿಟಕಿ ತೆರೆದೆ. ಎಡಕ್ಕೆ 2.7, ಬಲಕ್ಕೆ 3.12. ಅದೇ ಖರ್ಚು ಹಾಕಿದೆ. ಎಡಕ್ಕೆ 85,120, ಬಲಕ್ಕೆ 85,250. "ಕಾಕಾ ಪೈಸೆಯೂ ಮುಟ್ಟಿಲ್ಲ. ತಪ್ಪು ನನ್ನ ಪ್ರೋಗ್ರಾಮಿನದು" ಎಂದೆ. ಗುಂಪಿನಲ್ಲಿ ಪ್ರಶ್ನೆ ಹಾಕಿದ್ದವರು ಎದ್ದು ಹೋಗಿ ಕಾಕಾನ ಪಕ್ಕ ಕೂತು, "ತಪ್ಪಾತ್ರಿ ಕಾಕಾ" ಎಂದರು.

ಆಗ ನನಗೊಂದು ಸಂಶಯ ಬಂತು. ಬಂದದ್ದು 130 ಕಡಿಮೆ, ಆದರೆ ಹಾಲಿನವರಿಗೆ, ಅಡುಗೆಯವರಿಗೆ ಪೂರ್ತಿ ಸಂದಾಯವಾಗಿದೆ. ಹೇಗೆ? ಕಾಕಾ ಹಳೆಯ ವಹಿ ತೆರೆದು ತೋರಿಸಿದರು. ಪ್ರತಿ ವರ್ಷದ ಕೊನೆಯ ಸಾಲಿನಲ್ಲಿ ಪೆನ್ಸಿಲಿನಿಂದ 'ಸ್ವಂತ' ಎಂದು ಬರೆದು ಎದುರಿಗೆ ಒಂದು ಸಣ್ಣ ಮೊತ್ತ.

"ಮೊದಲೇ ಹೇಳಬಾರದಿತ್ತೇನ್ರಿ ಕಾಕಾ?"

"ನೀ ಪ್ರೀತಿಲೆ ಮಾಡಿಕೊಟ್ಟಿದ್ದಿ. ನೂರು ರೂಪಾಯಿಗೆ ಅದರಾಗ ತಪ್ಪು ಹೆಂಗ ತಗೀಲಿ?"

ಅಲ್ಲಿ ನನಗೆ ಮಾತು ಹೊರಡಲಿಲ್ಲ.

ಪ್ರೋಗ್ರಾಮನ್ನು ಈಗ ಹೊಸದಾಗಿ ಬರೆದಿದ್ದೇನೆ. ಬಾಬತ್ತು ಬಾಬತ್ತಿಗೆ ಭಾಗಿಸುವುದಿಲ್ಲ. ಒಟ್ಟು ಮೊತ್ತವನ್ನು ಒಂದೇ ಸಲ ಭಾಗಿಸಿ, ಉಳಿಕೆಯನ್ನು ಬೇರೆ ಸಾಲಿನಲ್ಲಿ ತೋರಿಸುತ್ತದೆ. 85,250ಕ್ಕೆ ಮನೆಗೆ 1,332, ಉಳಿಕೆ ಎರಡೇ ರೂಪಾಯಿ, ಅದೂ ಎಲ್ಲರ ಕಣ್ಣೆದುರು. ಮೇಲ್ಗಡೆ 'ಪೈಥಾನ್ 3.12ರಲ್ಲಿ ಪರೀಕ್ಷಿಸಿದ್ದು' ಎಂದು ದಿನಾಂಕದ ಜೊತೆ ಬರೆದಿದ್ದೇನೆ. 2.7ನ್ನು ಹಳೆಯ ಲೆಕ್ಕ ತೋರಿಸಲು ಮಾತ್ರ ಇಟ್ಟಿದ್ದೇನೆ. ಅದಕ್ಕೀಗ ಭದ್ರತೆಯ ತೇಪೆಗಳು ಬರುವುದಿಲ್ಲ, ನಿತ್ಯದ ಕೆಲಸಕ್ಕೆ ಸಲ್ಲ.

ಈಗ ಪ್ರತಿ ಅಕ್ಟೋಬರಿನಲ್ಲಿ ಪೈಥಾನಿನ ಹೊಸ ಆವೃತ್ತಿ ಬರುತ್ತದೆ, ಒಂದೊಂದಕ್ಕೆ ಸುಮಾರು ಐದು ವರ್ಷದ ಆಯುಷ್ಯ. ನೀವೂ ಸಂಘಕ್ಕೋ, ಸೊಸೈಟಿಗೋ, ಅಪ್ಪನ ಅಂಗಡಿಗೋ ಎಂದಾದರೂ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದರೆ ಈ ವಾರ ಅದನ್ನೊಮ್ಮೆ ತೆರೆದು ನೋಡಿ. ಯಾವ ಆವೃತ್ತಿಯಲ್ಲಿ ಓಡುತ್ತಿದೆ ಎಂದು ಅದರ ತಲೆಯ ಮೇಲೆ ಬರೆದಿಡಿ. ಆಮೇಲೆ ಅದನ್ನು ಬಳಸುತ್ತಿರುವವರಿಗೆ ಫೋನ್ ಮಾಡಿ, ಲೆಕ್ಕ ಸರಿ ಬರುತ್ತಿದೆಯೇ ಎಂದು ಕೇಳಿ. ಅವರಾಗಿ ಹೇಳಲಿಕ್ಕಿಲ್ಲ.